ಗೋಣಿಚೀಲದ ವಾಸನೆಯಿಂದ ಹತ್ತು ಶನಿವಾರಗಳವರೆಗೆ

ಕಳೆದ ಶನಿವಾರ ನಮ್ಮ ಗುಂಪಿನ ಹತ್ತನೆಯ ಮತ್ತು ಕೊನೆಯ ಭೇಟಿ ಮುಗಿಯಿತು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿ ಈಗ ದೊಡ್ಡವರಾಗಿರುವ ಕ್ರೈಸ್ತ ಹೆಂಗಸರು ಒಟ್ಟಿಗೆ ಕುಳಿತು ಮಾತನಾಡುವ ಸಣ್ಣ ಗುಂಪು ಅದು. ಅಲ್ಲಿಗೆ ತಲುಪಲು ನನಗೆ ಜನವರಿಯಿಂದ ಜೂನ್‌ವರೆಗೆ ಹಿಡಿಯಿತು. ಅದರಲ್ಲಿ ಅರ್ಧ ಸಮಯ ತಪ್ಪು ಬಾಗಿಲುಗಳನ್ನು ತಟ್ಟುವುದರಲ್ಲೇ ಹೋಯಿತು. ಕೊಡಗಿನಲ್ಲಿ ನನ್ನಂಥ ಇನ್ನೊಬ್ಬಳಿಗೆ ಆ ಅಲೆದಾಟ ತಪ್ಪಲಿ ಎಂದು, ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ನನ್ನ ಹೆಸರು, ಊರು, ಧರ್ಮಕೇಂದ್ರ ಯಾವುದನ್ನೂ ಹೇಳುವುದಿಲ್ಲ. ನಡೆದದ್ದರ ವಿವರವನ್ನೂ ಹೇಳುವುದಿಲ್ಲ. ಎಂಟನೆಯ ವಯಸ್ಸಿನಿಂದ ಹನ್ನೊಂದರವರೆಗೆ, ಮನೆಯವರೇ ಆದ ಒಬ್ಬ ಹಿರಿಯರಿಂದ; ಅಷ್ಟು ಸಾಕು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಅವರ ಅಂತ್ಯಕ್ರಿಯೆಯ ಪೂಜೆಯಲ್ಲಿ ಗಾನವೃಂದದೊಡನೆ ನಿಂತು ಹಾಡಿದವರಲ್ಲಿ ನಾನೂ ಒಬ್ಬಳು.

ಜನವರಿಯಲ್ಲಿ ರೋಬಸ್ಟಾ ಕುಯ್ಲು ನಡೆಯುತ್ತಿತ್ತು. ನಮ್ಮದು ಸಿದ್ದಾಪುರದ ಕಡೆಯ ಮೂರು ಎಕರೆ ತೋಟ. ಕಣದಲ್ಲಿ ಒಣಗಿದ ಕಾಫಿಯನ್ನು 50 ಕೆ.ಜಿ. ಚೀಲಗಳಿಗೆ ತುಂಬಿಸಿ, ಬಾಯಿ ಹೊಲಿದು, ಲೆಕ್ಕ ಬರೆಯುವುದು ನನ್ನ ಕೆಲಸ. ಮದುವೆಯಾದಂದಿನಿಂದ ಮಾಡುತ್ತಾ ಬಂದದ್ದೇ. ಆ ದಿನ ಅಟ್ಟದಿಂದ ಹಳೆಯ ಗೋಣಿಚೀಲಗಳ ಕಟ್ಟೊಂದನ್ನು ಇಳಿಸಿ ಬಿಚ್ಚಿದೆ. ನಾರಿನ ಧೂಳು, ಮುಗ್ಗಿದ ವಾಸನೆ. ಮಗಳು ಚೀಲದ ಬಾಯಿಯನ್ನು ಎರಡೂ ಕೈಗಳಿಂದ ಅಗಲಿಸಿ ಹಿಡಿದು, ಒಳಗೆ ಬಗ್ಗಿ ನೋಡುತ್ತಿದ್ದಳು. ಜಡೆ ಮುಂದಕ್ಕೆ ಬಿದ್ದು ಅವಳ ಕುತ್ತಿಗೆಯ ಹಿಂಭಾಗ ಕಾಣುತ್ತಿತ್ತು. ಅಷ್ಟು ಸಣ್ಣ ಕುತ್ತಿಗೆ. ಅವಳಿಗೆ ಆ ತಿಂಗಳು ಎಂಟು ತುಂಬಿತ್ತು. ಆಮೇಲೆ ನನಗೆ ನೆನಪಿರುವುದು ಕಣದ ಮೇಲೆ ಕುಳಿತಿದ್ದೆ ಎಂಬುದು, ಕೆಲಸದವರು ನೀರು ತಂದಿದ್ದರು ಎಂಬುದು.

ಎದೆ ಹಿಡಿದುಕೊಂಡಿದ್ದರಿಂದ ಎಲ್ಲರೂ ಹೃದಯದ ತೊಂದರೆ ಎಂದುಕೊಂಡರು. ಇಸಿಜಿ, ಥೈರಾಯ್ಡ್, ರಕ್ತಪರೀಕ್ಷೆ ಎಲ್ಲ ಸೇರಿ 2,400 ರೂಪಾಯಿ. ಎಲ್ಲವೂ ಸರಿಯಿತ್ತು. ರಾತ್ರಿ ಎರಡು ಗಂಟೆಗೆ ಎಚ್ಚರವಾಗುವುದು ಮಾತ್ರ ನಿಲ್ಲಲಿಲ್ಲ.

ನಾನು ಮೊದಲು ತಟ್ಟಿದ ಬಾಗಿಲು ಪ್ರಾರ್ಥನಾ ಕೂಟದ್ದು. ವಿಶ್ವಾಸವುಳ್ಳವಳಿಗೆ ಅದೇ ಸಹಜವಾಗಿ ತೋರುತ್ತದೆ. ಕೂಟ ನಡೆಸುವ ಅಕ್ಕನಿಗೆ ಒಂದು ಸಾಲಿನಲ್ಲಿ ಹೇಳಿದೆ. ಅವರು ಅತ್ತರು, ಅಪ್ಪಿಕೊಂಡರು, ಜಿಲ್ಲೆಯ ಹೊರಗೆ ಮೂರು ದಿನಗಳ ಧ್ಯಾನಕೂಟಕ್ಕೆ ಕರೆದುಕೊಂಡು ಹೋದರು. ಶುಲ್ಕ 1,500 ರೂಪಾಯಿ. ಅಲ್ಲಿ ಆಪ್ತಸಲಹೆ ಎಂದರೆ ಉದ್ದನೆಯ ಸಾಲು. ನನ್ನ ಪಾಲಿಗೆ ಬಂದದ್ದು ಹತ್ತು ನಿಮಿಷಕ್ಕಿಂತ ಕಡಿಮೆ. 'ಕ್ಷಮಿಸಿದ್ದೇನೆ ಎಂದು ಮೂರು ಸಲ ಜೋರಾಗಿ ಹೇಳಿ, ಬಂಧನ ಬಿಡುತ್ತದೆ' ಎಂದರು. ಹೇಳಿದೆ. ಮಾರನೆಯ ದಿನ ಮೈಕಿನಲ್ಲಿ ಸಾಕ್ಷಿ ಹೇಳಲು ಕರೆದಾಗ ಹೊರಗೆ ಓಡಿ ಬಂದು ನಲ್ಲಿಯ ಹತ್ತಿರ ವಾಂತಿ ಮಾಡಿದೆ. ಅಲ್ಲಿದ್ದವರ ಮನಸ್ಸು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಗಾಯವನ್ನು ನೋಡದೆಯೇ ಪಟ್ಟಿ ಸುತ್ತಿದರು.

ಹಿಂತಿರುಗಿ ಬಂದ ವಾರದಲ್ಲಿ ವಿಷಯ ಇನ್ನಿಬ್ಬರಿಗೆ ಗೊತ್ತಾಗಿತ್ತು. 'ನಿಮಗಾಗಿ ಪ್ರಾರ್ಥಿಸುತ್ತಿದ್ದೇವೆ' ಎಂದು ಅವರು ಹೇಳಿದಾಗ ನನಗೆ ತಿಳಿಯಿತು. ನಮ್ಮ ಜಿಲ್ಲೆಯನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ಸಂಗತಿ ಎಂದು ಗೊತ್ತು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ರಾಜ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟು, 1792ರಲ್ಲಿ ವಿರಾಜಪೇಟೆಯಲ್ಲಿ ಚರ್ಚು ಕಟ್ಟಲು ನೆರವಾದಂದಿನಿಂದ ನಾವು ಇಲ್ಲಿ ಕೆಲವೇ ಮನೆತನಗಳು. ಕೊಟ್ಟು ತಂದ ಸಂಬಂಧಗಳಿಂದ ಎಲ್ಲರೂ ಎಲ್ಲರಿಗೂ ನೆಂಟರು. ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಗಲು ಭಾನುವಾರದ ಒಂದು ಪೂಜೆ ಸಾಕು. ಆದ್ದರಿಂದ, ಯಾರಿಗಾದರೂ ಹೇಳುವ ಮೊದಲು 'ಇದನ್ನು ಪ್ರಾರ್ಥನೆಯ ಕೋರಿಕೆಯಾಗಿಯೂ ಯಾರಿಗೂ ಹೇಳಬಾರದು' ಎಂದು ಬಾಯಿಬಿಟ್ಟು ಕೇಳಿಕೊಳ್ಳಿ. ನಾನು ಕೇಳಿಕೊಂಡಿರಲಿಲ್ಲ.

ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಪಾಪನಿವೇದನೆಗೆಂದು ಹೊರಗಿನಿಂದ ಗುರುಗಳೊಬ್ಬರು ಬಂದಿದ್ದರು. ಮುಖ ಪರಿಚಯವಿಲ್ಲದವರು ಎಂಬ ಧೈರ್ಯದಿಂದ ಸಾಲಿನಲ್ಲಿ ನಿಂತೆ. ಬಾಲ್ಯದಲ್ಲಿ ಒಂದು ಅಶುದ್ಧ ಪಾಪವಾಗಿದೆ, ಒಮ್ಮೆಯೂ ಹೇಳಿಲ್ಲ ಎಂದೆ. ವಯಸ್ಸು ಕೇಳಿದರು. ಎಂಟು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಮ್ಮಾ, ಇದರಲ್ಲಿ ನಾನು ವಿಮೋಚನೆ ಕೊಡಬೇಕಾದ ಪಾಪವೇ ಇಲ್ಲ. ಪಾಪ ಮಾಡಿದವರು ಬೇರೆ' ಎಂದರು. ಮತ್ತೆ ಹೇಳಿದ ಮಾತು ಎಲ್ಲರಿಗೂ ಉಪಯೋಗಕ್ಕೆ ಬರುವಂಥದ್ದು: 'ಇಲ್ಲಿ ಕೇಳಿದ್ದನ್ನು ನಾನು ಹೊರಗೆ ಎತ್ತುವಂತಿಲ್ಲ, ನಿಮ್ಮ ಹತ್ತಿರವೂ ನಾನಾಗಿ ಎತ್ತುವಂತಿಲ್ಲ. ನೆರವು ಬೇಕಾದರೆ ಹೊರಗೆ ಬಂದು ನೀವೇ ಮಾತು ಶುರು ಮಾಡಬೇಕು.' ಪೂಜೆ ಮುಗಿದ ಮೇಲೆ ಘಂಟೆಯ ಗೋಪುರದ ಕೆಳಗೆ ನಿಂತು ಶುರು ಮಾಡಿದೆ. ಅವರು ಒಬ್ಬ ಸಿಸ್ಟರ್‌ನ ಫೋನ್ ಸಂಖ್ಯೆಯನ್ನು ಕೊಟ್ಟರು. ಮನಶ್ಶಾಸ್ತ್ರ ಓದಿ ಆಪ್ತಸಮಾಲೋಚನೆಯಲ್ಲಿ ತರಬೇತಿ ಪಡೆದವರು. ಮೂವತ್ತೈದು ವರ್ಷ ನನ್ನ ಪಾಪವೆಂದು ಹೊತ್ತದ್ದು ನನ್ನದಲ್ಲ ಎಂದು ಬಲಿಪೀಠದ ಕಡೆಯವರೊಬ್ಬರ ಬಾಯಿಂದಲೇ ಕೇಳುವುದು ನನಗೆ ಬೇಕಾಗಿತ್ತು. ವೈದ್ಯರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕ್ರೈಸ್ತರದ್ದೇ ಆದ ಗುಂಪು ಯಾಕೆ ಎಂದು ನನ್ನ ಗಂಡ ಕೇಳಿದಾಗಲೂ ಇದನ್ನೇ ಹೇಳಿದೆ.

ಫೋನ್ ಮಾಡಲು ಆರು ದಿನ ಬೇಕಾಯಿತು. ಸಿಸ್ಟರ್ ಏನಾಯಿತು ಎಂದು ಕೇಳಲೇ ಇಲ್ಲ. ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಮನೆಯಲ್ಲಿ ಯಾರಿಗೆ ಗೊತ್ತು, ಬದುಕಿರುವುದು ಬೇಡ ಎನಿಸುತ್ತದೆಯೇ, ಆ ವ್ಯಕ್ತಿ ಇದ್ದಾರೆಯೇ, ಅವರ ಕೈಗೆ ಸಿಗುವಂತೆ ಈಗ ಯಾವುದಾದರೂ ಮಗು ಇದೆಯೇ. ಕೊನೆಯ ಪ್ರಶ್ನೆಗೆ ಕಾರಣವನ್ನೂ ಹೇಳಿದರು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, ಒಂದು ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಅಥವಾ ನಡೆಯಬಹುದು ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸಿಸ್ಟರ್ ಆದರೂ ಅಷ್ಟೇ, ಗುಂಪಿನವರಾದರೂ ಅಷ್ಟೇ. ಗುಟ್ಟು ಕಾಯುತ್ತೇವೆ ಎಂಬ ಮಾತಿಗೆ ಇದೊಂದು ಮಿತಿ ಇದೆ ಎಂದು ಮೊದಲೇ ತಿಳಿಸುವವರನ್ನು ನಂಬಿ. ಏನು ಹೇಳಿದರೂ ಹೊರಗೆ ಹೋಗುವುದಿಲ್ಲ ಎಂದು ಸಾರಾಸಗಟಾಗಿ ಮಾತು ಕೊಡುವವರಿಗೆ ಈ ಕೆಲಸ ಗೊತ್ತಿಲ್ಲ.

ಬದುಕಿರುವುದು ಬೇಡ ಎನಿಸುತ್ತದೆಯೇ ಎಂಬ ಪ್ರಶ್ನೆಗೆ ನಾನು ತಡವಾಗಿ ಉತ್ತರಿಸಿದೆ. ಅದರಿಂದ ಅನಿರೀಕ್ಷಿತವಾದ ಒಂದು ತಡೆ ಎದುರಾಯಿತು. ಮನೋವೈದ್ಯರನ್ನು ಕಂಡು, ಗುಂಪಿನಲ್ಲಿ ಕೂರಬಹುದು ಎಂದು ಅವರು ಹೇಳಿದ ಮೇಲಷ್ಟೇ ಸೇರಿಸಿಕೊಳ್ಳುತ್ತೇವೆ ಎಂದರು. ಆ ದಿನ ನನಗೆ ಬಾಗಿಲು ಮುಚ್ಚಿದಂತಾಯಿತು. ಈಗ ಅನಿಸುತ್ತದೆ, ಇಡೀ ವರ್ಷದಲ್ಲಿ ನನ್ನ ಬಗ್ಗೆ ಯಾರಾದರೂ ತೋರಿದ ಅತಿ ದೊಡ್ಡ ಕಾಳಜಿ ಅದು.

ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೋದೆ. ಬೆಳಿಗ್ಗೆ ಎಂಟಕ್ಕೆ ಸಾಲಿನಲ್ಲಿ ನಿಂತು ಹೊರರೋಗಿ ಚೀಟಿ ಮಾಡಿಸಿದೆ. ಒಳಗೆ ಕರೆದಾಗ ಹನ್ನೆರಡೂವರೆ. ಆಧಾರ್ ಕಾರ್ಡ್, ಹಳೆಯ ಇಸಿಜಿ ಮತ್ತು ರಕ್ತಪರೀಕ್ಷೆಯ ವರದಿಗಳು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಇವಿಷ್ಟು ಕೈಯಲ್ಲಿರಲಿ. ಮೊಣಕಾಲು ತಾಗುವಷ್ಟು ಹತ್ತಿರದಲ್ಲಿ ಇನ್ನೊಬ್ಬ ರೋಗಿ ಕುಳಿತಿರಬಹುದು. 'ಬೇರೆ ಯಾರೂ ಇಲ್ಲದೆ ಮಾತನಾಡಬೇಕು' ಎಂದು ನೇರವಾಗಿ ಕೇಳಿದರೆ ಏರ್ಪಾಡು ಮಾಡುತ್ತಾರೆ, ಕೇಳದಿದ್ದರೆ ಯಾರಿಗೂ ಹೊಳೆಯುವುದಿಲ್ಲ. ನಾನು ಬಾಯಲ್ಲಿ ಹೇಳಲಾಗದೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಂಡು ಹೋಗಿದ್ದೆ. ವೈದ್ಯರು ಓದಿ, ಮಡಚಿ, ನನ್ನ ಕೈಗೇ ಹಿಂತಿರುಗಿಸಿದರು. ನಿದ್ದೆಗೆ ಮತ್ತು ಆತಂಕಕ್ಕೆ ಮಾತ್ರೆ ಬರೆದುಕೊಟ್ಟರು. ಮಡಿಕೇರಿ ದೂರವಾಗುವವರಿಗೆ, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಹೊರಡುವ ಮೊದಲು ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಯಾವ ಹೊರರೋಗಿ ವಿಭಾಗವೂ ತೆರೆದಿರುವುದಿಲ್ಲ. ಆ ಹೊತ್ತಿಗೆ 14416, ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ನಾನು ಎರಡು ಸಲ ಮಾಡಿದ್ದೇನೆ. ಮಾತ್ರೆ ನುಂಗುವುದು ವಿಶ್ವಾಸದ ಕೊರತೆ ಎಂದು ಕೂಟದ ಒಬ್ಬರು ಹೇಳಿದರು. ಸಕ್ಕರೆ ಕಾಯಿಲೆಗೆ ಅವರೂ ಮಾತ್ರೆ ನುಂಗುತ್ತಾರೆ.

ಗಂಡನಿಗೆ ಹೇಳಿದ್ದು ಏಪ್ರಿಲ್‌ನಲ್ಲಿ, ತೋಟದಲ್ಲಿ ಹೂಮಳೆಯ ನಂತರದ ಕಸಿಯ (ಕಾಫಿ ಗಿಡದ ರೆಂಬೆ ಸವರುವ) ಕೆಲಸ ನಡೆಯುತ್ತಿದ್ದಾಗ. ಅವರು ಏನೂ ಮಾತನಾಡಲಿಲ್ಲ. ಸಂಜೆ ಹಜಾರದ ಗೋಡೆಯ ಮೇಲಿದ್ದ ಕುಟುಂಬದ ದೊಡ್ಡ ಫೋಟೊ ಕಾಣಲಿಲ್ಲ. ಕೇಳಿದಾಗ, ಗಾಜು ಸಡಿಲವಾಗಿತ್ತು ಎಂದರು. ಅದನ್ನು ಮತ್ತೆ ತೂಗುಹಾಕಿಲ್ಲ.

ಗುಂಪು ಜೂನ್ ಎರಡನೇ ಶನಿವಾರ ಕುಶಾಲನಗರದಲ್ಲಿ ಶುರುವಾಯಿತು. ಯಾವ ಕಟ್ಟಡ ಎಂದು ಬರೆಯುವುದಿಲ್ಲ. ಹೊರಗಿನ ಫಲಕದಲ್ಲಿ ಹೊಲಿಗೆ ತರಬೇತಿ ಎಂದಿತ್ತು, ಅಷ್ಟು ಸಾಕು. ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ, ಎರಡು ಗಂಟೆಗಳ ಕಾಲ. ನಾವು ಆರು ಜನ: ಕೊಡಗಿನವರು ನಾಲ್ವರು, ಹುಣಸೂರು ಮತ್ತು ಪಿರಿಯಾಪಟ್ಟಣ ಕಡೆಯಿಂದ ಇಬ್ಬರು. ಕಥೋಲಿಕರು, ಪ್ರೊಟೆಸ್ಟಂಟರಾದ ಸಿಎಸ್ಐ (ದಕ್ಷಿಣ ಭಾರತ ಸಭೆ)ನವರು, ಮನೆಯಲ್ಲಿ ಕೊಂಕಣಿ, ಮಲಯಾಳ, ತಮಿಳು ಮಾತನಾಡುವವರು. ಒಟ್ಟಿಗೆ ಇದ್ದಾಗ ಕನ್ನಡ. ನಡೆಸುವವರು ಸಿಸ್ಟರ್ ಮತ್ತು ಸಿಎಸ್ಐ ಸಭೆಯ ಒಬ್ಬ ಸಮಾಜಕಾರ್ಯಕರ್ತೆ. ಒಂದು ಪುಟದ ಒಪ್ಪಿಗೆ ಪತ್ರಕ್ಕೆ ಸಹಿಯ ಬದಲು ಒಂದು ಅಕ್ಷರ ಹಾಕಿದರೆ ಸಾಕಾಗಿತ್ತು. ಯಾರೂ ವಿವರ ಹೇಳಬೇಕಾಗಿಲ್ಲ, ಯಾರೂ ಇನ್ನೊಬ್ಬರಿಗೆ ಬುದ್ಧಿ ಹೇಳಬಾರದು, ಕೇಳದೆ ಯಾರನ್ನೂ ಮುಟ್ಟಬಾರದು, ಅಳುವವರಿಗೂ ಹಾಗೆಯೇ. ಪ್ರಾರ್ಥನೆಯ ಹೊತ್ತಿಗೆ ಹೊರಗೆ ನಿಲ್ಲಬೇಕೆನಿಸಿದರೆ ನಿಲ್ಲಬಹುದು. ಮೊದಲ ಮೂರು ಭೇಟಿಗಳಲ್ಲಿ ಒಬ್ಬರು ಹೊರಗೇ ನಿಂತಿದ್ದರು. ಯಾರೂ ಯಾಕೆ ಎನ್ನಲಿಲ್ಲ.

ಮೊದಲ ದಿನವೇ ಸಿಸ್ಟರ್ ಒಂದು ಅಂಕಿ ಹೇಳಿದರು. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ಮಕ್ಕಳನ್ನು ಕೇಳಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳು, ಶೇ. 53, ಯಾವುದೋ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ನಾನು ಸುತ್ತ ಕುಳಿತವರ ಚಪ್ಪಲಿಗಳನ್ನು ನೋಡಿದೆ. ಮುಖ ನೋಡುವ ಧೈರ್ಯ ಇನ್ನೂ ಇರಲಿಲ್ಲ. ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಎಂದು ಬಾಳಿದ್ದೆ.

ಸಿದ್ದಾಪುರದಿಂದ ನೆಲ್ಲಿಹುದಿಕೇರಿ, ನಂಜರಾಯಪಟ್ಟಣ, ಗುಡ್ಡೆಹೊಸೂರು ದಾಟಿ ಕುಶಾಲನಗರ. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ; ಆದರೆ ಈ ದಾರಿಯಲ್ಲಿ ಖಾಸಗಿ ಬಸ್ಸು ಸಿಕ್ಕರೆ ಹಣ ಕೊಡಬೇಕು. ಮೂರನೆಯ ಭೇಟಿಯ ದಿನ ರಸ್ತೆ ಪಕ್ಕದ ತೋಟಕ್ಕೆ ಆನೆಗಳು ಇಳಿದು ಬಸ್ಸು ಮುಕ್ಕಾಲು ಗಂಟೆ ನಿಂತಿತು. ತಡವಾಗಿ ಹೋದವಳನ್ನು ಒಳಗೆ ಬಿಡುವುದಿಲ್ಲ ಎಂಬ ನಿಯಮವಿದ್ದರೂ, ಆನೆಗೆ ವಿನಾಯಿತಿ ಕೊಟ್ಟರು. ಜುಲೈ ನಾಲ್ಕನೇ ಶನಿವಾರ ಮಳೆ ಗಾಳಿಗೆ ಮರ ಬಿದ್ದು ದಾರಿಯೇ ಬಂದ್ ಆಯಿತು. ಮೊಬೈಲ್ ವೀಡಿಯೊದಲ್ಲಿ ಸೇರೋಣ ಎಂದರೆ ಮೂರು ದಿನದಿಂದ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಆ ಭೇಟಿ ನವೆಂಬರ್‌ಗೆ ಹೋಯಿತು. ಮನೆಯಿಂದ ವೀಡಿಯೊದಲ್ಲಿ ಸೇರುವವರು ಒಂದು ವಿಷಯ ಗಮನಿಸಿ: ಹಂಚಿನ ಮನೆಯಲ್ಲಿ ಗೋಡೆಗಳು ಸೂರಿನವರೆಗೆ ಹೋಗಿರುವುದಿಲ್ಲ. ನಮ್ಮಲ್ಲೊಬ್ಬರು ಕಣದ ಶೆಡ್ಡಿಗೆ ಹೋಗಿ ಕೂರುತ್ತಿದ್ದರು.

ನಾಲ್ಕನೆಯ ಭೇಟಿ ನನಗೆ ಎಲ್ಲಕ್ಕಿಂತ ಕಷ್ಟದ್ದು. ಕ್ಷಮೆಯ ಮಾತು. ಪೇತ್ರನು ಎಷ್ಟು ಸಲ ಕ್ಷಮಿಸಬೇಕು ಎಂದು ಕೇಳಿ, ಯೇಸು ಏಳೆಪ್ಪತ್ತು ಸಲ ಎಂದದ್ದನ್ನು ನಮ್ಮಲ್ಲಿ ಎಲ್ಲರ ತಲೆಗೂ ಯಾರೋ ಒಬ್ಬರು ತಟ್ಟಿದ್ದರು. ಸಿಸ್ಟರ್ ಅದೇ ಮತ್ತಾಯನ 18ನೇ ಅಧ್ಯಾಯವನ್ನು ಮೊದಲಿನಿಂದ ಓದಿಸಿದರು. ಆ ಮಾತಿಗೆ ಬರುವ ಮೊದಲು, ಆರನೆಯ ವಚನದಲ್ಲೇ, ಈ ಚಿಕ್ಕವರಲ್ಲಿ ಒಬ್ಬರಿಗೆ ಎಡವುಗಲ್ಲಾಗುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದ ಆಳದಲ್ಲಿ ಮುಳುಗಿಸುವುದೇ ಅವನಿಗೆ ಒಳ್ಳೆಯದು ಎಂದಿದೆ. ನಡುವೆ, ತಪ್ಪು ಮಾಡಿದವನಿಗೆ ಮುಖಾಮುಖಿ ಹೇಳು, ಕೇಳದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು ಎಂದಿದೆ. ಅಧ್ಯಾಯದ ಕೊನೆಯನ್ನು ಮಾತ್ರ ನನಗೆ ಕೊಟ್ಟಿದ್ದರು. ಕ್ಷಮೆಯ ಬಗ್ಗೆ ಈ ಗುಂಪಿನಲ್ಲಿ ಯಾರೂ ತಾರೀಕು ಕೇಳಲಿಲ್ಲ.

ಆರನೆಯ ಭೇಟಿಯಲ್ಲಿ ತಾಮಾರಳ ಕಥೆ, ಸಮುವೇಲನ ಎರಡನೆಯ ಗ್ರಂಥದ 13ನೇ ಅಧ್ಯಾಯ. ದಾವೀದನ ಮಗಳು, ಕಾಯಿಲೆಯ ನೆಪ ಹೂಡಿ ಕರೆಸಿಕೊಂಡು ಕೆಡಿಸಿದವನು ಮಲಸಹೋದರ ಅಮ್ನೋನ. ಅವಳು ಬೇಡ ಎನ್ನುತ್ತಾಳೆ, ಕಾರಣ ಹೇಳುತ್ತಾಳೆ, ಅವನು ಕೇಳುವುದಿಲ್ಲ. ತಲೆಗೆ ಬೂದಿ ಹಾಕಿಕೊಂಡು, ರಾಜಕುಮಾರಿಯ ನಿಲುವಂಗಿಯನ್ನು ಹರಿದುಕೊಂಡು, ಗಟ್ಟಿಯಾಗಿ ಅಳುತ್ತಾ ಹೋಗುತ್ತಾಳೆ. ಅಣ್ಣ ಅಬ್ಷಾಲೋಮನು ಅವಳಿಗೆ ಸುಮ್ಮನಿರು ಎನ್ನುತ್ತಾನೆ. ತಂದೆಗೆ ಕೋಪ ಬರುತ್ತದೆ, ಅಷ್ಟೇ. ಆಮೇಲೆ ಅವಳಿಗೆ ಆ ಗ್ರಂಥದಲ್ಲಿ ಒಂದು ಮಾತೂ ಇಲ್ಲ. ನಲವತ್ತಮೂರು ವರ್ಷ ಪೂಜೆಗೆ ಹೋಗಿದ್ದೇನೆ. ಈ ಅಧ್ಯಾಯದ ಮೇಲೆ ಒಂದು ಪ್ರಬೋಧನೆಯನ್ನೂ ಕೇಳಿದ ನೆನಪಿಲ್ಲ. ನಮಗೆಲ್ಲ ಒಂದೊಂದು ಹಳೆಯ ಸೀರೆಯ ತುಂಡು ಕೊಟ್ಟು, ಏನು ಬೇಕಾದರೂ ಮಾಡಿ ಎಂದರು. ಒಬ್ಬರು ಹರಿದರು, ಒಬ್ಬರು ಅಂಚು ಹೊಲಿದರು. ನಾನು ಮಡಿಲಲ್ಲಿ ಇಟ್ಟುಕೊಂಡು ಕುಳಿತೆ. ಆಗ ನಮ್ಮಲ್ಲಿ ಹಿರಿಯರೊಬ್ಬರು (ಇದನ್ನು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ) ನನ್ನನ್ನು ಕೇಳಿದರು: 'ಅಮ್ನೋನನ್ನು ಅವನು ಎನ್ನುತ್ತೀರಿ. ನಿಮ್ಮ ಮನೆಯವನನ್ನು ಯಾಕೆ ಇನ್ನೂ ಅವರು ಎನ್ನುತ್ತೀರಿ?'

ನನಗೆ ಅದು ಗೊತ್ತೇ ಇರಲಿಲ್ಲ. ಹಿರಿಯರಿಗೆ ಏಕವಚನ ಬಳಸಿದರೆ ಬಾಯಿಗೆ ಪೆಟ್ಟು ಬೀಳುತ್ತಿದ್ದ ಮನೆ ನಮ್ಮದು. ಬಸ್ಸಿನಲ್ಲಿ ಹಿಂತಿರುಗುವಾಗ ನಂಜರಾಯಪಟ್ಟಣದಿಂದ ಸಿದ್ದಾಪುರದವರೆಗೆ ಕಿಟಕಿಯ ಕಡೆ ಮುಖ ಮಾಡಿ ತುಟಿಯಲ್ಲೇ ಅಭ್ಯಾಸ ಮಾಡಿದೆ. ಅವನು. ಅವನು ಬಂದ. ಅವನು ಮಾಡಿದ. ಅವನು ಸತ್ತ.

ಖರ್ಚಿನ ವಿಷಯ ಹೇಳಿಬಿಡುತ್ತೇನೆ. ಗುಂಪಿಗೆ ಶುಲ್ಕವಿಲ್ಲ, ಚಹಾಕ್ಕೆಂದು ಡಬ್ಬಿಯಲ್ಲಿ ಕೈಲಾದದ್ದು ಹಾಕುತ್ತಿದ್ದೆವು. ಆಟೊ, ಊಟ, ಅವಸರಕ್ಕೆ ಖಾಸಗಿ ಬಸ್ಸು ಸೇರಿ ಒಂದು ಭೇಟಿಗೆ ಸುಮಾರು 250 ರೂಪಾಯಿ. ಇಷ್ಟು ದಿನ ಎಲ್ಲಿಗೆ ಹೋಗುತ್ತೀಯ ಎಂಬ ಪ್ರಶ್ನೆಗೆ ಹೊಲಿಗೆ ತರಬೇತಿ ಎಂದದ್ದರಿಂದ, ಅತ್ತೆಗೆ ತೋರಿಸಲು ಎರಡು ರವಿಕೆಗಳನ್ನು ಹೊರಗೆ ಹೊಲಿಸಿದೆ, ಅದು 900. ಸುಳ್ಳು ಹೇಳಬೇಕಾಗಿ ಬಂದದ್ದಕ್ಕೆ ಬೇಸರವಿದೆ.

ಅಂಗೈಯಲ್ಲಿ ಹಿಡಿಯಬಹುದಾದ ಒಂದು ಉಪಾಯ ಅಲ್ಲಿ ಸಿಕ್ಕಿತು. ಹಳೆಯ ನೆನಪು ಏಕಾಏಕಿ ಎಳೆದುಕೊಂಡು ಹೋದಾಗ, ದೇಹಕ್ಕೆ ಈಗ ಎಲ್ಲಿದ್ದೇವೆ ಎಂದು ತಿಳಿಸಲು ಗಟ್ಟಿಯಾದ ರುಚಿ ಅಥವಾ ಸ್ಪರ್ಶ ಬೇಕು. ಕೆಲವರು ಐಸ್ ಹಿಡಿಯುತ್ತಾರಂತೆ. ನಾನು ನಮ್ಮದೇ ಬಳ್ಳಿಯ ಕರಿಮೆಣಸಿನ ನಾಲ್ಕು ಕಾಳು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಒಂದನ್ನು ಹಲ್ಲಿನ ನಡುವೆ ಇಟ್ಟು ಕಚ್ಚುತ್ತೇನೆ. ಕಾರ ಮೂಗಿಗೆ ಏರುವಷ್ಟರಲ್ಲಿ ಗೋಣಿಯ ವಾಸನೆ ಹಿಂದೆ ಸರಿದಿರುತ್ತದೆ. ಪ್ರತಿ ಸಲವೂ ಅಲ್ಲ, ಹೆಚ್ಚಿನ ಸಲ.

ಕಾನೂನಿನ ಬಗ್ಗೆಯೂ ಒಂದು ದಿನ ಮಾತಾಯಿತು. ನನ್ನವನು ಸತ್ತಿರುವುದರಿಂದ ಮೊಕದ್ದಮೆ ಇಲ್ಲ. ಆದರೆ ಬದುಕಿರುವವನ ಮೇಲೆ, ಎಷ್ಟೇ ವರ್ಷವಾದರೂ, ದೂರು ಕೊಡಬಹುದು. ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆ ಇರುವ ಅಪರಾಧಗಳಿಗೆ ಕಾಲಮಿತಿ ಇಲ್ಲ. 2012ರ ನವೆಂಬರ್ 14ರ ಮೊದಲು ನಡೆದದ್ದಕ್ಕೆ ಪೋಕ್ಸೊ ಅನ್ವಯಿಸುವುದಿಲ್ಲ, ಆಗಿನ ದಂಡಸಂಹಿತೆ ಅನ್ವಯಿಸುತ್ತದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ: 15100. ತಪ್ಪು ಮಾಡಿದವನು ಗುರುವೋ ಧಾರ್ಮಿಕ ವ್ರತಧಾರಿಯೋ ಆಗಿದ್ದರೆ, 2019ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ನಿಯಮದಂತೆ ಪ್ರತಿ ಕಥೋಲಿಕ ಧರ್ಮಕ್ಷೇತ್ರದಲ್ಲೂ (ಒಬ್ಬ ಬಿಷಪರ ಆಡಳಿತದ ಪ್ರದೇಶ) ದೂರು ಸ್ವೀಕರಿಸುವ ವ್ಯವಸ್ಥೆ ಇರಲೇಬೇಕು. ಅಲ್ಲಿ ಕೊಟ್ಟ ದೂರು ಪೊಲೀಸ್ ದೂರಿಗೆ ಬದಲಿಯಲ್ಲ.

ಅಮ್ಮನಿಗೆ ಸೆಪ್ಟೆಂಬರ್‌ನಲ್ಲಿ ಹೇಳಿದೆ. 'ಸತ್ತವರ ಮಾತು ಈಗ ಯಾಕೆ' ಎಂದು ಎದ್ದು ಒಳಗೆ ಹೋದರು. ಎರಡು ವಾರ ಫೋನ್ ಇಲ್ಲ. ಆಮೇಲೆ ಒಂದು ಸಂಜೆ ಫೋನ್ ಮಾಡಿ, ಮಳೆ ಹೇಗಿದೆ, ಕಾಯಿ ಉದುರಿತೇ ಎಂದೆಲ್ಲ ಕೇಳಿ, ಇಡುವ ಮೊದಲು, 'ಆ ವರ್ಷ ನೀನು ರಜೆಗೆ ಅಲ್ಲಿಗೆ ಹೋಗುವುದಿಲ್ಲ ಎಂದು ಅತ್ತಿದ್ದೆ, ಅಲ್ಲವೇ' ಎಂದರು. ಹೌದು ಎಂದೆ. ಇಬ್ಬರೂ ಫೋನ್ ಇಡಲಿಲ್ಲ, ಮಾತೂ ಆಡಲಿಲ್ಲ.

ನವೆಂಬರ್ 2, ಮೃತರ ದಿನ, ಅಮ್ಮ ಪ್ರತಿ ವರ್ಷದಂತೆ ಮೂರು ಕಟ್ಟು ಮೇಣದ ಬತ್ತಿ ತಂದಿದ್ದರು. ಅಜ್ಜನದು, ಅಜ್ಜಿಯದು, ಅವನದು. ಎರಡು ಸಮಾಧಿಗಳ ಕಳೆ ಕಿತ್ತು, ತೊಳೆದು, ಬತ್ತಿ ಹಚ್ಚಿದೆ. ಮೂರನೆಯದರ ಹತ್ತಿರ ನಾನು ಹೋಗಲಿಲ್ಲ, ಮಗಳ ಕೈ ಹಿಡಿದು ಗೇಟಿನ ಬಳಿ ನಿಂತೆ. ಅಮ್ಮ ಒಬ್ಬರೇ ಹೋದರು. ಗಾಳಿ ಇತ್ತು, ಕಡ್ಡಿ ಆರುತ್ತಿತ್ತು. ಐದಾರು ಕಡ್ಡಿ ಗೀರಿ, ಒಂದೇ ಒಂದು ಬತ್ತಿ ಹಚ್ಚಿ, ಉಳಿದದ್ದನ್ನು ಚೀಲದಲ್ಲಿ ಹಾಕಿಕೊಂಡು ಹಿಂತಿರುಗಿದರು. ಕೊನೆಯ ಭೇಟಿಯಲ್ಲಿ ಇದನ್ನು ಹೇಳಿದೆ. ಯಾರೂ ಅರ್ಥ ಹೇಳಲಿಲ್ಲ. ಒಬ್ಬರು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದರು.

ಮುಂದಿನ ಗುಂಪು ಕಾಫಿ, ಮೆಣಸಿನ ಕುಯ್ಲು ಮುಗಿದ ಮೇಲೆ, ಮಾರ್ಚ್ ಕೊನೆಗೆ ಶುರುವಾಗುತ್ತದೆ. ಮತ್ತೆ ಆರೇ ಜನ; ಸೇರುವ ಮೊದಲಿನ ಮಾತುಕತೆಗೆ ಒಂದೂವರೆ ತಿಂಗಳು ಬೇಕಾಗುವುದರಿಂದ ಜನವರಿಯಲ್ಲೇ ಕೇಳಿಕೊಳ್ಳಿ. ಸಂಖ್ಯೆಯನ್ನು ಎಲ್ಲಿಯೂ ಬರೆದು ಹಾಕುವುದಿಲ್ಲ. ನಿಮ್ಮ ಊರಿಗೆ ಹೊರಗಿನಿಂದ ಬರುವ ಗುರುಗಳನ್ನೋ, ಆಸ್ಪತ್ರೆ ಅಥವಾ ಶಾಲೆಗಳಲ್ಲಿ ಆಪ್ತಸಮಾಲೋಚನೆ ಮಾಡುವ ಸಿಸ್ಟರ್‌ಗಳನ್ನೋ ಕೇಳಿ. ಯಾರಿಗೆಂದು ಹೇಳಬೇಕಾಗಿಲ್ಲ, ನಾನು ಮೊದಲ ಸಲ ಫೋನ್ ಮಾಡಿದಾಗ ಗೆಳತಿಯೊಬ್ಬಳಿಗಾಗಿ ಎಂದೇ ಹೇಳಿದ್ದೆ. ಸಿಸ್ಟರ್ ಸರಿ, ಗೆಳತಿಗೆ ನಿದ್ದೆ ಬರುತ್ತಿದೆಯೇ ಎಂದು ಕೇಳಿದರು.